ಸದ್ದಿಲ್ಲದೆ ಉಣ್ಣುವ ಆಣೆ

ಸಾರನ್ನು ಸೊರ್ರೆಂದು ಹೀರುವುದು ನನ್ನ ಜನ್ಮಜಾತ ದೌರ್ಬಲ್ಯ. ಅದನ್ನು ನಿರ್ಮೂಲಗೊಳಿಸುವುದು ನನ್ನ ಹೆಂಡತಿಯ ಮೂವತ್ತು ವರ್ಷಗಳ ಅಖಂಡ ವ್ರತ. ಇಬ್ಬರೂ ಹಟಮಾರಿಗಳಾದ್ದರಿಂದ ನಮ್ಮ ಸಂಸಾರದಲ್ಲಿ ಬೇಸರವೆಂಬುದಕ್ಕೆ ಬಿಡುವೇ ಸಿಕ್ಕಿಲ್ಲ.

ಅವಳ ಅಣ್ಣನ ಮಗಳು ಸುಧಾ ತುಮಕೂರಿನ ಕಡೆಯ ಕಾರ್ಖಾನೆಯೊಂದರಲ್ಲಿ ಜಪಾನಿ ಎಂಜಿನಿಯರುಗಳಿಗೆ ಅಡುಗೆ ಮಾಡುತ್ತಿದ್ದವಳು. ಈಗ ತಿಪಟೂರಿನಲ್ಲಿ ನಾಲ್ಕೇ ಮೇಜಿನ ಜಪಾನಿ ನೂಡಲ್ಸ್ ಹೋಟೆಲು ತೆರೆದಿದ್ದಾಳೆ. ತಿಂಗಳಾದರೂ ಜನ ಬಾಗಿಲಲ್ಲಿ ಇಣುಕುತ್ತಾರೆಯೇ ಹೊರತು ಒಳಗೆ ಕಾಲಿಡುತ್ತಿಲ್ಲ. “ಮಾವ, ನೀವ್ ಬಂದು ತಿಂದು ನೋಡಿ. ನಿಮ್ಗೂ ಹಿಡಿಸ್ಲಿಲ್ಲ ಅಂದ್ರೆ ಬಾಗ್ಲು ಹಾಕ್ಬುಡ್ತೀನಿ,” ಎಂದು ಫೋನಿನಲ್ಲಿ ಹೇಳಿದಳು. ನಮ್ಮೂರು ಬಿಳಿಗೆರೆಯಲ್ಲಿ ಬಸ್ಸು ಹತ್ತುವಾಗಲೇ ಹೆಂಡತಿ, “ಅಲ್ಲೂ ಸೊರ್ ಅನ್ನಿಸಿ ಆ ಮಗು ಮಾನ ಕಳೀಬ್ಯಾಡಿ ಕಣ್ರೀ,” ಎಂದು ಆಣೆ ಮಾಡಿಸಿಕೊಂಡಳು.

ಬಟ್ಟಲು ಬಂತು. ಅಣಬೆ, ಕಾಯಿಹಾಲು ಬೆರೆತ ಬಿಸಿ ಸಾರು. ಅದರೊಳಗೆ ನಮ್ಮ ಒತ್ತು ಶಾವಿಗೆಯ ದಾಯಾದಿಗಳಂಥ ನೀಳ ಎಳೆಗಳು. ಚಮಚವನ್ನು ದೂರ ಸರಿಸಿ, ಸೋಲಬಾರದೆಂದು ಜಪಾನಿಗಳು ಉಣ್ಣುವ ಜೋಡಿ ಕಡ್ಡಿಗಳನ್ನೇ ಹಿಡಿದೆ. ಸದ್ದಿಲ್ಲದೆ ಉಣ್ಣುವ ವಿದ್ಯೆ ನನಗೆ ಗೊತ್ತಿರುವುದು ಒಂದೇ, ಮುದ್ದೆಯನ್ನು ಅಗಿಯದೆ ನುಂಗುವುದು. ಹಾಗೆಯೇ ನುಂಗಿದೆ. ಆದರೆ ನೀವೇ ಹೇಳಿ, ಮುದ್ದೆಯ ತುತ್ತಿಗೊಂದು ಕೊನೆಯಿದೆ, ಈ ಎಳೆಗೆ ಎಲ್ಲಿದೆ? ಒಂದು ತುದಿ ಗಂಟಲಲ್ಲಿ, ಇನ್ನೊಂದು ಬಟ್ಟಲಲ್ಲಿ, ನಡುವೆ ಕಣ್ಣೀರು ತುಂಬಿಕೊಂಡ ನಾನು. ಆದರೂ ಆಣೆ ಮುರಿಯಲಿಲ್ಲ.

ಒಲೆಯ ಬಳಿ ನಿಂತಿದ್ದ ಸುಧಾಳ ಮುಖ ಬಾಡುತ್ತಾ ಬಂತು. “ಹಿಡಿಸ್ಲಿಲ್ಲ ಅಲ್ವಾ ಮಾವ? ಆ ಜಪಾನಿನೋರು ಹಿಡಿಸಿದ್ರೆ ಸೊರ್ ಸೊರ್ ಅಂತ ಎಳ್ಕೊಂಡು ತಿನ್ನೋರು. ನೀವು ಉಸ್ರೇ ಬುಡ್ತಿಲ್ಲ.”

ನಾನು ಹೆಂಡತಿಯ ಮುಖ ನೋಡಿದೆ. ಅವಳು ಸುಧಾಳ ಮುಖ ನೋಡಿದಳು. ಆಮೇಲೆ ಸೆರಗು ಸಿಕ್ಕಿಸಿ, ತನ್ನ ಬಟ್ಟಲಿಗೆ ಬಾಗಿ, ಮೂವತ್ತು ವರ್ಷಗಳ ವ್ರತವನ್ನು ಬೀದಿಗೆ ಕೇಳಿಸುವಂತೆ ಸೊರ್ರೆಂದು ಮುರಿದಳು. ನಾನೂ ಗಂಟಲು ಬಿಡಿಸಿಕೊಂಡು ದನಿಗೂಡಿಸಿದೆ. ಬಾಗಿಲಲ್ಲಿ ಇಣುಕುತ್ತಿದ್ದ ಇಬ್ಬರು, “ಅದೇನಮ್ಮ ಅದು, ನಮ್ಗೂ ಒಂದೊಂದು ಕೊಡು,” ಎನ್ನುತ್ತಾ ಒಳಬಂದು ಕೂತರು. ಸುಧಾ ಕಣ್ಣೊರೆಸಿಕೊಂಡು ಒಲೆಯ ಕಡೆ ಓಡಿದಳು.

ಮನೆಯಲ್ಲೀಗ ವ್ರತ ಮತ್ತೆ ಶುರುವಾಗಿದೆ. ಆದರೆ ನಾನು ಸಾರು ಹೀರಿದಾಗ ಗದರುವ ಮೊದಲು ಅವಳು ಒಂದು ಗಳಿಗೆ ತಡೆದು, “ಹಿಡಿಸ್ತಾ?” ಎಂದು ಕೇಳುತ್ತಾಳೆ. ಅವಳ ಕೈಯಡುಗೆ ಹಿಡಿಸಿತೆಂದು ಇಷ್ಟು ವರ್ಷ ನಾನು ಬಾಯಿಬಿಟ್ಟು ಹೇಳಿಯೇ ಇರಲಿಲ್ಲ. ಈಗ ತಟ್ಟೆ ಕೆಳಗಿಟ್ಟು ಹೇಳುತ್ತೇನೆ.