ತಳ ಹಿಡಿದ ಅನ್ನ

"ನಂಗೆ ತಳ ಹಿಡಿದ ಅನ್ನ ಅಂದ್ರೆ ಪ್ರಾಣ ಅಜ್ಜಿ. ಹೊಟ್ಟೆಗಿಲ್ಲದೆ ತಿನ್ನೋದಲ್ಲ ಅದು, ಆಸೆಪಟ್ಟು ತಿನ್ನೋದು. ಚಿಕ್ಕವರಿದ್ದಾಗ ಅಮ್ಮ ಪಾತ್ರೆ ಕೆರೆಯೋ ಸದ್ದು ಕೇಳಿದ್ರೆ ಸಾಕು, ನಾನೂ ತಂಗೀನೂ ಎಲ್ಲಿದ್ರೂ ಓಡಿ ಬರ್ತಿದ್ವಿ. ಅವಳು ನನ್ನ ಜಡೆ ಎಳೀತಿದ್ಳು, ನಾನು ಅವಳ ಕೈ ಕಚ್ತಿದ್ದೆ. ಗೆದ್ದೋಳಿಗೆ ತಳ, ಸೋತೋಳಿಗೆ ಪಾತ್ರೆ ತೊಳೆಯೋ ಕೆಲಸ. ದೊಡ್ಡವರಾದ್ಮೇಲೆ ಅವಳೇ ಬಿಟ್ಕೊಟ್ಳು, ಹಲ್ಲು ನೋಯುತ್ತೆ ಅಂತ. ಈಗ ವ್ಯಾಪಾರ ಮುಗಿದ ಮೇಲೆ ಹಂಡೆ ಬಗ್ಗಿಸಿ, ಸಟ್ಟುಗದಲ್ಲಿ ಕೆರೆದು, ಚೂರು ಉಪ್ಪು ಉದುರಿಸ್ಕೊಂಡು ತಿಂತೀನಿ. ಅದನ್ನ ಯಾವಳೋ ಹುಡುಗಿ ಫೋನಲ್ಲಿ ಹಿಡಿದ್ಳು. ಹಿಂದಿನಿಂದ ನಮ್ಮ ತಂಗಿ, 'ತಿನ್ನು ತಿನ್ನು, ನಿನ್ನ ಮೂತಿಗೆ ಅದೇ ಸರಿ' ಅಂದ್ಳು. ದಿನಾ ಅನ್ನೋ ಮಾತೇ. ನಾನು ನಕ್ಕೆ. ನಕ್ಕಿದ್ದು ಅದ್ರಲ್ಲಿ ಬಂದಿಲ್ಲ. ಆಮೇಲೆ ಹೊಗೆ ಕಣ್ಣಿಗೆ ಹೋಯ್ತು, ತೋಳಲ್ಲಿ ಕಣ್ಣು ಒರೆಸ್ಕೊಂಡೆ. ಅದು ಮಾತ್ರ ಚೆನ್ನಾಗಿ ಬಂದಿದೆ."

ಹೀಗೆ ಹೇಳಿದವಳು ಸಗಟು ಮಾರುಕಟ್ಟೆಯ ಹಿಂಬಾಗಿಲ ಹತ್ತಿರ ಹಂಡೆ ಇಟ್ಟುಕೊಂಡು ಅನ್ನ ಬೇಯಿಸಿ ಮಾರುತ್ತಿದ್ದ ಹೆಂಗಸು. ತಂಗಿ ಕರೆಯುವುದನ್ನು ಕೇಳಿ ಕೇಳಿ ಮೂಟೆ ಹೊರುವವರಿಗೆಲ್ಲ ಅವಳು ಅಕ್ಕನೇ ಆಗಿದ್ದಳು. ಪಕ್ಕದಲ್ಲಿ ನನ್ನ ನಿಂಬೆಹಣ್ಣಿನ ಬುಟ್ಟಿ. ಅವರಿಬ್ಬರ ಮಾತು ಮೊದಲು ಬೀಳುತ್ತಿದ್ದುದು ನನ್ನ ಕಿವಿಗೆ.

ಅಕ್ಕನದು ದುಂಡು ಮುಖ, ಮೆತ್ತನೆ ಮಾತು. ತಂಗಿಯದು ನನ್ನ ನಿಂಬೆಹಣ್ಣು ಕಚ್ಚಿದಂಥ ಮುಖ, ಬಾಯಿ ಬಿಟ್ಟರೆ ಕತ್ತರಿ. ಆದರೆ ಅಕ್ಕನಿಗೆ ಮಂಡಿ ನೋವೆಂದು ಕೊಳಾಯಿಯಿಂದ ನೀರು ಹೊತ್ತು ತರುವವಳು ಅವಳು, ಒಲೆ ಹಚ್ಚುವವಳು ಅವಳು, ತರಕಾರಿಯನ್ನೆಲ್ಲ ಹೆಚ್ಚುವವಳು ಅವಳು. ಸೈಕಲ್ ರಿಪೇರಿ ಅಂಗಡಿಯ ಮೇಲೆ ಅವರದೊಂದು ಕೋಣೆ. ಅಲ್ಲಿ ಅಕ್ಕನ ಕಾಲಿಗೆ ಎಣ್ಣೆ ತಿಕ್ಕುವವಳೂ ಅವಳೇ. "ಆನೆ ಕಾಲು ತಂದು ನನ್ನ ತೊಡೆ ಮೇಲಿಟ್ಟಿದ್ದೀಯ, ತೆಗಿ ಅತ್ಲಾಗೆ" ಎಂದು ಬಯ್ಯುತ್ತಲೇ ಇನ್ನಷ್ಟು ತಿಕ್ಕುತ್ತಿದ್ದಳಂತೆ.

ಫೋನಿನ ಚಿತ್ರವನ್ನು ನಮಗೆ ತೋರಿಸಿದವನು ಟೀ ಅಂಗಡಿಯವನು. "ಅಕ್ಕ, ನೀವು ಊರಿಗೆಲ್ಲ ಗೊತ್ತಾಗ್ಬಿಟ್ರಿ!" ಎಂದ. ಕೆಳಗೆ ಏನೋ ಬರೆದಿತ್ತು. ಓದಿ ಹೇಳೆಂದರೆ ತಡವರಿಸಿದ. "ಊರಿಗೆಲ್ಲ ಉಣಿಸುವ ಅಕ್ಕನಿಗೆ ಸೀದ ಅನ್ನ, ಕಲ್ಲೆದೆಯ ತಂಗಿ ಅಂತ ಹಾಕಿದಾರೆ." ತಂಗಿ ಈರುಳ್ಳಿ ಹೆಚ್ಚುತ್ತಾ ತಲೆ ಎತ್ತದೆ, "ಎದೆ ಕಲ್ಲಲ್ಲ, ಬೆನ್ನು ಕಲ್ಲಾಗಿದೆ, ನೀರು ಹೊತ್ತೂ ಹೊತ್ತೂ. ಅದನ್ನೂ ಬರಿ ಅನ್ನು" ಎಂದಳು. ಆವತ್ತು ಎಲ್ಲರೂ ನಕ್ಕೆವು.

ಮಾರನೆಯ ದಿನದಿಂದ ಜನ ಬರತೊಡಗಿದರು. ಮೂಟೆಯವರು ಹಿಂದೆ ಸರಿದು ನಿಂತರು. ಒಳ್ಳೆಯ ಬಟ್ಟೆ ಉಟ್ಟ ಒಬ್ಬ ಹೆಂಗಸು ಸಿಹಿ ತಂದು, ಒಂದು ಕೈಯಲ್ಲಿ ಫೋನು ಎತ್ತಿ ಹಿಡಿದು, ಇನ್ನೊಂದು ಕೈಯಿಂದ ಅಕ್ಕನ ಬಾಯಿಗೆ ತುರುಕಿದಳು. ಅಗಿಯುವುದಕ್ಕೂ ಬಿಡಲಿಲ್ಲ. ಕಪ್ಪು ಕನ್ನಡಕದವನೊಬ್ಬ ತಂಗಿಯ ಮುಂದೆ ನಿಂತ.

"ನೀನೇನಾ ಅವಳು? ಅಕ್ಕಂಗೆ ಸೀದಿದ್ದು ಹಾಕೋಳು?"

"ಹೂಂ, ನಾನೇ. ನಿಂಗೂ ಹಾಕ್ಲಾ?"

ಅದೂ ಫೋನಿಗೆ ಹೋಯಿತು. ಮರುದಿನ ಜನ ಇಮ್ಮಡಿಯಾದರು.

ಅಕ್ಕ ಸ್ಟೂಲಿನ ಮೇಲೆ ಹತ್ತಿ ನಿಂತು, "ಅಯ್ಯೋ, ಅದು ನಂಗಿಷ್ಟ ಕಣ್ರೋ! ಅವಳು ತಮಾಷೆಗೆ ಅಂದಿದ್ದು!" ಎಂದು ಕೂಗಿದಳು. ಸಿಹಿಯ ಹೆಂಗಸು ಪಕ್ಕದವಳಿಗೆ ಹೇಳಿದ್ದು ನನಗೆ ಕೇಳಿಸಿತು: "ಪಾಪ, ಅವಳು ಎದುರಿಗೇ ಕೂತಿದ್ದಾಳೆ, ನಿಜ ಹೇಗೆ ಹೇಳ್ತಾರೆ?" ತಂಗಿ ಎದ್ದು ನೀರಿಗೆ ಹೋದಳು. "ಈಗ ಹೇಳಿ" ಎಂದರು. ಅಕ್ಕ ಅದನ್ನೇ ಹೇಳಿದಳು. "ಮನೆಗೆ ಹೋದ್ಮೇಲೆ ಹೊಡೀತಾಳೇನೋ" ಎಂದರು. ಅಕ್ಕನ ತೋಳಿನ ಮೇಲೆ ಬೊಬ್ಬೆಯ ಕಲೆಯಿತ್ತು. ಇದ್ಯಾರು ಮಾಡಿದ್ದು ಎಂದು ಕೇಳಿದರು. "ಹಂಡೆ ತಗುಲಿದ್ದು" ಎಂದಳು. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಆಮೇಲೆ ತಂಗಿ ಬೀದಿಯಲ್ಲಿ ನಡೆಯುವುದೇ ಕಷ್ಟವಾಯಿತು. ಕೊಳಾಯಿಯ ಹತ್ತಿರ ಅವಳ ಕೊಡ ಒದ್ದರು. ತರಕಾರಿಯವನು, "ನಿಂಗೆ ಕೊಟ್ರೆ ನನ್ನ ಗಿರಾಕಿ ಹೋಗ್ತಾರಮ್ಮ" ಎಂದು ಮುಖ ತಿರುಗಿಸಿದ. ಒಂದು ಮಧ್ಯಾಹ್ನ ಯಾರೋ ಹಿಂದಿನಿಂದ ಬಂದು ಸಿಪ್ಪೆಯ ಬಕೆಟ್ಟನ್ನು ಅವಳ ತಲೆ ಮೇಲೆ ಸುರಿದರು. ಆಲೂಗೆಡ್ಡೆ ಸಿಪ್ಪೆ ಕಿವಿಯಲ್ಲಿ ನೇತಾಡುತ್ತಿತ್ತು. ಜನ ಚಪ್ಪಾಳೆ ತಟ್ಟಿದರು. ಹಳೆಯ ಮೂಟೆಯವನೊಬ್ಬ "ಲೇ, ಬಿಡ್ರೋ" ಎಂದು ಮುಂದೆ ಬಂದ. ಅವನ ಕೈಗೆ ಯಾರೋ ಒಂದು ಸಿಹಿ ಇಟ್ಟರು. ತಿನ್ನುತ್ತಾ ನಿಂತ.

ಕೊನೆಗೆ ಕೋಣೆಯ ಮಾಲೀಕ ಮೆಟ್ಟಿಲ ಮೇಲೆ ಅಕ್ಕನನ್ನು ತಡೆದ. "ನೀವಿರಿ, ಬೇಡ ಅನ್ನಲ್ಲ. ನಿಮ್ಮ ಹೆಸರಿಂದ ನಂಗೂ ಗೌರವ. ಚಿಕ್ಕವಳು ಬೇರೆ ಕಡೆ ನೋಡ್ಕೊಳ್ಳಲಿ" ಎಂದ.

ಅಕ್ಕ ನೇರ ನನ್ನ ಬುಟ್ಟಿಯ ಹತ್ತಿರ ಬಂದಳು. ತಂಗಿಯನ್ನು ಉಳಿಸಿಕೊಳ್ಳುವುದು ಬಿಟ್ಟು ಅವಳಿಗೆ ಬೇರೇನೂ ಬೇಕಿರಲಿಲ್ಲ. "ಅಜ್ಜಿ, ಒಂದುಪಾಯ ಹೊಳೆದಿದೆ. ಎಲ್ಲರೆದುರಿಗೆ ಇಬ್ರೂ ತಳ ಹಂಚ್ಕೊಂಡು ತಿಂತೀವಿ. ನಾನು ನಗ್ತೀನಿ, ಅವಳೂ ನಗ್ತಾಳೆ. ಅದನ್ನ ನೋಡಿದ್ರೆ ಗೊತ್ತಾಗಲ್ವಾ?" ಎಂದಳು. ಗೊತ್ತಾಗಬಹುದೆಂದು ನನಗೂ ಅನ್ನಿಸಿತು.

ತಂಗಿ ಮೊದಲು ಒಪ್ಪಲಿಲ್ಲ. "ನನ್ನ ಹಲ್ಲಿನ ಕಥೆ ಗೊತ್ತಲ್ಲ ನಿಂಗೆ" ಎಂದಳು. ಆಮೇಲೆ, "ಆಯ್ತು ಮಾರಾಯ್ತಿ, ನಿನ್ನ ಖುಷಿಗೆ" ಎಂದು ಸೆಟೆದು ಕೂತಳು.

ಹಂಡೆ ಖಾಲಿಯಾಯಿತು. ಅಕ್ಕ ಬಗ್ಗಿಸಿ ಕೆರೆದಳು, ಉಪ್ಪು ಉದುರಿಸಿದಳು. ಚೆನ್ನಾಗಿ ಕೆಂಪಾದ ತುಂಡನ್ನು ಆರಿಸಿ, ಚಿಕ್ಕ ಮಗುವಿಗೆ ಕೊಡುವಂತೆ ತಂಗಿಯ ಬಾಯಿಗೆ ಹಿಡಿದಳು. ತಂಗಿ ಕಚ್ಚಿದಳು.

"ಹಾಂ! ಹಾಗೆ! ಈಗ ಅವಳು ತಿನ್ನಲಿ!" ಎಂದು ಯಾರೋ ಕೂಗಿದರು. ಗುಂಪು ಹುಚ್ಚೆದ್ದಿತು. "ರುಚಿ ಹೇಗಿದೆ ಕೇಳಿ ಅಕ್ಕ! ಇನ್ನೊಂದು ತಿನ್ನಿಸಿ! ಇನ್ನೊಂದು!" ಫೋನುಗಳು ಮೇಲೆದ್ದವು. ಅಷ್ಟು ದಿನದ ನಂತರ ಎಲ್ಲರ ಮುಖದಲ್ಲಿ ನಗು. ಆ ನಗು ಯಾತಕ್ಕೆಂದು ಅಕ್ಕನಿಗೆ ತಿಳಿಯಲಿಲ್ಲವೋ, ಗಾಬರಿಯಲ್ಲಿ ಕೈ ತಾನಾಗಿ ಹೋಯಿತೋ. ತಾನೂ ನಗುತ್ತಾ, ಇನ್ನೊಂದು ತುಂಡು ಕೊಟ್ಟಳು.

ತಂಗಿ ಅವಳನ್ನೇ ನೋಡುತ್ತಾ ಅದನ್ನೂ ಅಗಿದಳು. ತುಟಿಯಂಚಿನಲ್ಲಿ ರಕ್ತ ಕಾಣಿಸಿತು. ನುಂಗಿದಳು. ಈಳಿಗೆ ಒರೆಸಿಟ್ಟು ಎದ್ದಳು.

"ಇಷ್ಟು ದಿನ ಅವ್ರು ಅಂತಿದ್ರು" ಎಂದಳು. "ಇವತ್ತು ನೀನೇ ತಿನ್ನಿಸ್ದೆ."

ಬೆಳಿಗ್ಗೆ ನಾನು ಬುಟ್ಟಿ ಇಳಿಸುವಾಗ ಒಲೆ ಉರಿಯುತ್ತಿತ್ತು, ನೀರು ತುಂಬಿತ್ತು, ತರಕಾರಿ ಹೆಚ್ಚಿಟ್ಟಿತ್ತು. ತಂಗಿ ಇರಲಿಲ್ಲ. ದೂರದಲ್ಲೆಲ್ಲೋ ಹಾಸ್ಟೆಲ್ಲಿನ ಅಡುಗೆಮನೆಗೆ ಸೇರಿದಳೆಂದು ಲಾರಿಯವನೊಬ್ಬ ಆಮೇಲೆ ಹೇಳಿದ. ಅಕ್ಕ ಅವನ ಕೈಲಿ ಹೇಳಿಕಳಿಸಿದಳು. ಮರುಮಾತು ಬರಲಿಲ್ಲ.

ಸುದ್ದಿ ತಿಳಿದು ಜನ ಬಂದು ಅಕ್ಕನನ್ನು ತಬ್ಬಿಕೊಂಡರು. "ಪೀಡೆ ತೊಲಗಿತಲ್ಲ, ಇನ್ನಾದ್ರೂ ನೆಮ್ಮದಿಯಾಗಿ ಊಟ ಮಾಡಿ" ಎಂದಳು ಸಿಹಿಯ ಹೆಂಗಸು. ಅದನ್ನೂ ಹಿಡಿದುಕೊಂಡರು. ಸ್ವಲ್ಪ ಕಾಲಕ್ಕೆ ಅವರಿಗೆ ಬೇರೆ ಯಾರೋ ಸಿಕ್ಕಿರಬೇಕು. ಬೀದಿ ಮೊದಲಿನಂತಾಯಿತು. ಮೂಟೆಯವರು ಮುಂದೆ ಬಂದು ಕೂತರು.

ಈಗ ಕೊಡದಲ್ಲಿ ನೀರು ತರುವವಳು ಅಕ್ಕನೇ. ಅರ್ಧ ಕೊಡ, ಕುಂಟುತ್ತಾ. ನಿನ್ನೆ ವ್ಯಾಪಾರ ಮುಗಿದಾಗ ಆ ಹಳೆಯ ಮೂಟೆಯವನು ಹಂಡೆಯೊಳಗೆ ಇಣುಕಿ, "ಚೆನ್ನಾಗಿ ಹಿಡ್ಕೊಂಡಿದೆ ಅಕ್ಕ, ತಿನ್ನಲ್ವಾ?" ಎಂದ.

ಅಕ್ಕ ತಳ ಮುಳುಗುವಷ್ಟು ನೀರು ಸುರಿದು ನೆನೆಯಲು ಬಿಟ್ಟಳು. ನೆನೆದ ಮೇಲೆ ಮೋರಿಯ ಪಕ್ಕ ಕೂತು, ಒಂದು ಹಿಡಿ ಬೂದಿ, ಒಂದು ಹಿಡಿ ನಾರು ತೆಗೆದುಕೊಂಡು, ತೋಳಿನವರೆಗೆ ಹಂಡೆಯೊಳಗೆ ಬಗ್ಗಿ ಉಜ್ಜತೊಡಗಿದಳು.