ಕರ್ಜಗಿ ರಸ್ತೆಯ ಐತವಾರ

ಬೈಕನ್ನು ತಂಗಿಯ ಗಂಡನಿಗೆ ಕೊಡುವ ಮುಂಚೆ ಸೀಟು ಎತ್ತಿ ಒರೆಸುತ್ತಿದ್ದೆ. ಟೂಲ್ ಚೀಲದಲ್ಲಿ ಪಂಕ್ಚರ್ ತೇಪೆಗೆ ಹಚ್ಚುವ ಸಲ್ಯೂಷನ್ನಿನ ಒಂದು ಟ್ಯೂಬು ಸಿಕ್ಕಿತು. ಒಳಗೆಲ್ಲ ಗಟ್ಟಿಯಾಗಿತ್ತು, ವಾಸನೆ ಮಾತ್ರ ಹಾಗೇ ಇತ್ತು. ಆ ವಾಸನೆಗೆ ಹಾವೇರಿಯ ಪಂಕ್ಚರ್ ಅಂಗಡಿಯವರು ನೆನಪಾದರು...

ಆರು ವರ್ಷದ ಹಿಂದೆ ಕಚೇರಿಯವರು ಮೂರು ತಿಂಗಳ ಮಟ್ಟಿಗೆ ನನ್ನನ್ನು ಮಂಡ್ಯದಿಂದ ಹಾವೇರಿಗೆ ಎತ್ತಿ ಹಾಕಿದ್ದರು. ಪರಿಚಯದ ಒಂದು ನರಪಿಳ್ಳೆಯೂ ಇರಲಿಲ್ಲ. ಭಾನುವಾರ ಲಾಡ್ಜಿನ ಗೋಡೆ ನೋಡುತ್ತಾ ಕೂರಲಾರದೆ ರೈಲಿನಲ್ಲಿ ಬೈಕು ತರಿಸಿಕೊಂಡೆ. ಎಲ್ಲಿಗೆ ಹೋಗಬಹುದೆಂದು ಮೊಬೈಲ್ ನೋಡಿದರೆ ಅದು ಹೆದ್ದಾರಿಯನ್ನೇ ತೋರಿಸುತ್ತಿತ್ತು. ಸ್ಟೇಷನ್ ರಸ್ತೆಯಲ್ಲಿ ಗಾಳಿ ಹಾಕಿಸುವಾಗ ಈ ಅಂಗಡಿಯವರನ್ನು ಕೇಳಿದೆ.

ಐವತ್ತು ದಾಟಿದ ಮನುಷ್ಯ. ಚಕ್ರಗಳಿಂದ ಕಿತ್ತ ಮುಳ್ಳು, ಮೊಳೆಗಳನ್ನೆಲ್ಲ ಒಂದು ಡಬ್ಬಿಗೆ ಹಾಕಿಡುತ್ತಿದ್ದರು. ರಸ್ತೆಗಳ ಜಾತಕ ಹೇಳುತ್ತಿದ್ದುದು ಆ ಡಬ್ಬಿ ನೋಡಿಯೇ. "ಕಾಗಿನೆಲಿ ಕಡೆ ಹೋಗ್ರಿ ಸರ. ಆ ಕಡಿಂದ ಬಂದ ಗಾಲ್ಯಾಗ ಬರೇ ಜಾಲಿಮುಳ್ಳ ಸಿಗ್ತಾವ, ಮೊಳಿ ಇಲ್ಲ. ಅಂದ್ರ ಲಾರಿ ಕಾಟ ಇಲ್ಲ, ದಾರಿ ತುಂಬ ಗಿಡ ಅದಾವ." ಪಂಕ್ಚರ್ ಆದರೂ ಚಂದದ ದಾರಿಯಲ್ಲೇ ಆಗಲಿ ಎನ್ನುವ ಧೋರಣೆ! ಬ್ಯಾಡಗಿಗೆ ಮಾತ್ರ ಬೆಳಿಗ್ಗೆಯೇ ಹೋಗಿ ಬರಬೇಕು, ಬಿಸಿಲೇರಿದರೆ ಮೆಣಸಿನಕಾಯಿ ಘಾಟಿಗೆ ಹೆಲ್ಮೆಟ್ಟಿನೊಳಗೇ ಸೀನುತ್ತೀರಿ ಎಂದಿದ್ದರು. ನಾನು ಮಧ್ಯಾಹ್ನ ಹೋಗಿ, ಸೀನಿ, ವಾಪಸ್ಸು ಬಂದೆ.

ಒಮ್ಮೆ "ಹೊಳಿಗೆ ಹೋಗ್ರಿ" ಅಂದಾಗ ನಾನು ಯಾರದೋ ಮನೆಯ ಹೋಳಿಗೆ ಊಟವೆಂದುಕೊಂಡಿದ್ದೆ. ಹೊಳಿ ಅಂದರೆ ಹೊಳೆ, ಕರ್ಜಗಿಯ ವರದಾ ನದಿ. ಅವರು ನಕ್ಕಿದ್ದೇ ನಕ್ಕಿದ್ದು. ಒಂದು ಮಾತು ಕಲಿತೆನೆಂದು ನನಗೂ ಜಂಬ.

ನೀವು ಅಲ್ಲಿಗೆಲ್ಲ ಯಾವಾಗ ಹೋಗಿದ್ದಿರಿ ಎಂದು ಒಂದು ಸಂಜೆ ಕೇಳಿದೆ.

"ನಾ ಎಲ್ಲಿ ನೋಡೇನ್ರಿ ಸರ? ಬಂದವ್ರು ಹೇಳಿದ್ದು ಕೇಳೇನಿ. ಐತವಾರ ಅಂದ್ರ ನಮಗ ಕೆಲಸ ಜಾಸ್ತಿ." ಆಮೇಲೆ ಚಕ್ರದ ಟ್ಯೂಬು ಉಜ್ಜುತ್ತಲೇ ಹೇಳಿದರು: "ರಾಣೆಬೆನ್ನೂರಾಗ ಚಿಗರಿ ಅದಾವಂತ. ಆಳೆತ್ತರ ಜಿಗೀತಾವಂತ... ಒಮ್ಮಿ ನೋಡಬೇಕಂತ ಭಾಳ ಆಸೆ ಐತಿ. ನಿಮ್ಮ ಹಿಂದ ಕುಂದರ್ಲೇನು?"

ಚಿಗರಿ ಅಂದರೆ ಕೃಷ್ಣಮೃಗ. ಅದಕ್ಕೇನಂತೆ, ಹೋಗೋಣ ಅಂದೆ. ಆದರೆ ಒಬ್ಬನೇ ಓಡಾಡುವ ರುಚಿ ಹತ್ತಿತ್ತು ನನಗೆ. ಎರಡು ಭಾನುವಾರ ಏನೋ ನೆಪ ಹೇಳಿದೆ. ಊರು ಬಿಡುವ ಹಿಂದಿನ ದಿನವೂ ಭಾನುವಾರವೇ. ಅಂದು ಬೆಳಿಗ್ಗೆ ಏಳಕ್ಕೆ ಅಂಗಡಿಯ ಮುಂದಿನಿಂದ ಹೊರಡುವುದೆಂದು ಮಾತಾಯಿತು.

ಅಂದು ಹೋದಾಗ ಶಟರ್ ಇಳಿದಿತ್ತು. ಬರುವುದಿಲ್ಲವೇನೋ ಅಂದುಕೊಂಡು ಕರ್ಜಗಿ ರಸ್ತೆ ಹಿಡಿದೆ. ಅರ್ಧ ದಾರಿಯಲ್ಲಿ ಅವರ ಫೋನು. ಎಲ್ಲಿದ್ದೇನೆಂದು ಹೇಳಿದೆ. ಪಕ್ಕದಲ್ಲೇ ಟ್ರ್ಯಾಕ್ಟರ್ ಸದ್ದು. "ಹೊಳಿಗೆ ಬರ್ರಿ, ನಾನೂ ಬರ್ತೇನಿ" ಅಂದಂತೆ ಕೇಳಿಸಿತು. ಸರಿ, ಬಸ್ಸು ಹಿಡಿದು ಹೊಳೆಗೇ ಬರುತ್ತಾರೆಂದು ದಂಡೆಯಲ್ಲಿ ಕುಳಿತೆ. ಅಲ್ಲಿ ಸಿಗ್ನಲ್ ಇರಲಿಲ್ಲ. ಎರಡು ಬಸ್ಸು ಬಂದು ಹೋದವು. ಹನ್ನೆರಡಾಯಿತು.

ಹಾವೇರಿಗೆ ಮರಳಿದಾಗ ಅವರು ಮುಚ್ಚಿದ ಶಟರಿನ ಮುಂದೆ ಕೂತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ, ತೊಡೆಯ ಮೇಲೆ ಇಬ್ಬರಿಗಾಗುವಷ್ಟು ರೊಟ್ಟಿ ಬುತ್ತಿ. ಅಂಥ ಅಂಗಿಯಲ್ಲಿ ಅವರನ್ನು ನಾನು ನೋಡಿಯೇ ಇರಲಿಲ್ಲ.

"ಹೊಳ್ಳಿ ಬರ್ರಿ ಅಂದ್ನಲ್ರಿ ಸರ. ಹೊಳ್ಳಿ ಅಂದ್ರ ತಿರುಗಿ!" ಅಂದರು. ಬೈಯಲಿಲ್ಲ. ನಗಲು ಪ್ರಯತ್ನಿಸಿದರು.

ಈಗಲಾದರೂ ಹೋಗೋಣವೇ ಅಂದೆ. "ಬ್ಯಾಡ್ರಿ, ಈ ಬಿಸಲಾಗ ಚಿಗರಿ ಹೊರಗ ಬರೂದಿಲ್ಲ. ಮುಂದ ಬಂದಾಗ ಹೋಗೂಣು." ಅಲ್ಲೇ ಕೂತು ಬುತ್ತಿ ಬಿಚ್ಚಿ ತಿಂದೆವು. ಏಳುವಾಗ ದಾರಿಯಲ್ಲಿ ಬೇಕಾದೀತೆಂದು ಸಲ್ಯೂಷನ್ ಟ್ಯೂಬು ಕೊಟ್ಟರು.

ಎಂಟು ತಿಂಗಳ ನಂತರ ಹೇಗಿದ್ದಾರೋ ಎಂದು ಫೋನು ಮಾಡಿದೆ. ಅವರ ಹೆಂಡತಿ ಎತ್ತಿದರು. "ಅವರು ತೀರಿಕೊಂಡು ತಿಂಗಳಾತ್ರಿ" ಅಂದರು. ಹೌದಾ ಅಂದೆ. ರಾಣೆಬೆನ್ನೂರಿಗೆ ಹೋಗಿದ್ದರೇ ಎಂದು ಕೇಳಿದೆ. "ಅಂಗಡಿ ಬಿಟ್ಟು ಅವರೆಲ್ಲಿ ಹೋಗ್ತಿದ್ರು" ಅಂದರು. ಫೋನಿಟ್ಟು ಫೈಲು ನೋಡಿದೆ, ಊಟ ಮಾಡಿದೆ. ಅಳು ಬರಲಿಲ್ಲ. ಇವತ್ತು ಆ ಟ್ಯೂಬು ಕೈಯಲ್ಲಿದ್ದಾಗಲೂ ಬರಲಿಲ್ಲ. ಏನೋ ಒಂದು ಒಳಗೆ ಮರಗಟ್ಟಿ ಕೂತಿದೆ, ಅಷ್ಟೇ.

ಕೀ ತೆಗೆದುಕೊಳ್ಳುತ್ತಾ ತಂಗಿಯ ಗಂಡ ಈ ಬೈಕಿನಲ್ಲಿ ಎಲ್ಲೆಲ್ಲಿ ಸುತ್ತಿದ್ದೀರಿ ಅಂದ. ಹೊಳ್ಳಿ, ಹೊಳಿ ಕತೆ ಹೇಳಿದೆ. ಎಲ್ಲರಿಗೂ ಹೇಳುವ ಹಾಗೆಯೇ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ, ಭಾಷೆ ಎಂಥಾ ಎಡವಟ್ಟು ಮಾಡುತ್ತೆ ನೋಡಿ ಅಂದ. ನಾನೂ ತಲೆಯಾಡಿಸಿದೆ.

ಆ ಮನುಷ್ಯ ಚಿಗರಿ ನೋಡದೆ ಹೋದದ್ದಕ್ಕೆ ಇಷ್ಟು ವರ್ಷ ಒಂದು ಮಾತಿನ ಮೇಲೆ ಗೂಬೆ ಕೂರಿಸುತ್ತಾ ಬಂದಿದ್ದೇನೆ. ನಾವು ಹೊರಡೋಣವೆಂದು ಮಾತಾಡಿಕೊಂಡಿದ್ದು ಏಳು ಗಂಟೆಗೆ. ಅವರು ಬರುವುದರೊಳಗೆ ಅಂಗಡಿ ದಾಟಿಬಿಡಬೇಕೆಂದು ನಾನು ಆರೂವರೆಗೇ ಹೊರಟಿದ್ದೆ.