ಸರಿಯುತ್ತರಕ್ಕೆ ಹೆದರಿದ ಮೇಷ್ಟ್ರು

ಶಾಲಾ ಮಕ್ಕಳಿಗೆ ವಿಜ್ಞಾನ ಕಲಿಸುವವರ ನಡುವೆ ನಮ್ಮ ಮೇಷ್ಟ್ರ ಸ್ಥಾನ ಯಾವುದೆಂದು ಈ ಅಭಿನಂದನ ಗ್ರಂಥದ ಸಂಪಾದಕರು ಕೇಳಿದಾಗ ನನಗೆ ಕೂಡಲೇ ಉತ್ತರ ಹೊಳೆಯಲಿಲ್ಲ. ಅವರು ಪಠ್ಯಪುಸ್ತಕ ಬರೆದವರಲ್ಲ, ಪ್ರಶಸ್ತಿ ಪಡೆದವರಲ್ಲ, ವೇದಿಕೆಯೆಂದರೆ ಮಾರುದೂರ ಸರಿಯುವವರು. ಆದರೂ ನಮ್ಮ ಸುತ್ತಮುತ್ತಲಿನ ಹತ್ತಾರು ಶಾಲೆಗಳಲ್ಲಿ ಇಂದು ವಿಜ್ಞಾನದ ಪಾಠ "ಪುಸ್ತಕ ತೆಗೀರಿ" ಎಂಬ ಮಾತಿನ ಬದಲು "ನಿಮಗೇನನ್ಸುತ್ತೆ?" ಎಂಬ ಪ್ರಶ್ನೆಯಿಂದ ಶುರುವಾಗುತ್ತಿದ್ದರೆ, ಅದಕ್ಕೆ ಕಾರಣ ಮೂವತ್ತನಾಲ್ಕು ವರ್ಷ ಒಂದೇ ಶಾಲೆಯ ಒಂದೇ ಕೋಣೆಯಲ್ಲಿ ಪಾಠ ಹೇಳಿದ ಈ ಮೆಲುದನಿಯ ಹಿರಿಯರು. ಅವರ ಪದ್ಧತಿಯ ಹಿಂದೆ ದೊಡ್ಡ ಓದಿದೆ ಎಂದು ಬಲ್ಲವರು ಹೇಳುತ್ತಾರೆ. ಓದು ಇದ್ದದ್ದು ನಿಜ. ಆದರೆ ಓದಿಗಿಂತ ಮೊದಲು ಅಲ್ಲಿ ಭಯವಿತ್ತು. ಆ ಭಯ ಹುಟ್ಟಿದ್ದು ನನ್ನಿಂದ. ಇದನ್ನು ಬರೆಯಲು ಅವರ ಒಪ್ಪಿಗೆ ಕೇಳಿದೆ. "ಬರಿಯಮ್ಮ, ಆದ್ರೆ ನನ್ನನ್ನ ಉಳಿಸೋಕೆ ಹೋಗ್ಬೇಡ" ಅಂದರು.

ಇಪ್ಪತ್ತಾರನೆಯ ವಯಸ್ಸಿಗೆ ಕೆಲಸಕ್ಕೆ ಸೇರಿದ ಅವರನ್ನು ಮೊದಲ ಆರು ವರ್ಷ ಊರೆಲ್ಲ "ಫುಲ್ ಮಾರ್ಕ್ಸ್ ಮೇಷ್ಟ್ರು" ಎಂದು ಕರೆಯುತ್ತಿತ್ತು. ಮುತ್ತು ಪೋಣಿಸಿದಂಥ ಅಕ್ಷರದಲ್ಲಿ ಅವರು ಬೋರ್ಡಿನ ಮೇಲೆ ವ್ಯಾಖ್ಯೆ ಬರೆಯುವುದು, ನಾವು ಅದನ್ನು ಉರುಹೊಡೆದು ಒಪ್ಪಿಸುವುದು; ಪರೀಕ್ಷೆಯಲ್ಲಿ ಅವರ ತರಗತಿಯದೇ ಮೇಲುಗೈ. ಹಾಗೆಂದು ಅವರು ಅಂಕದ ಹಿಂದೆ ಬಿದ್ದ ಕಲ್ಲುಮನಸ್ಸಿನವರಾಗಿರಲಿಲ್ಲ. ನನಗೆ ಬೋರ್ಡು ಕಾಣಿಸುತ್ತಿಲ್ಲ, ಪಕ್ಕದವಳ ಪುಸ್ತಕ ನೋಡಿ ಬರೆಯುತ್ತಿದ್ದೇನೆ ಎಂಬುದನ್ನು ಮೊದಲು ಕಂಡುಹಿಡಿದವರು ಅವರು. ಅಂದೇ ಸಂಜೆ ಮನೆಗೆ ಬಂದು, ಹೊಲಿಗೆ ಯಂತ್ರದ ಮುಂದೆ ಕುಳಿತಿದ್ದ ಅಮ್ಮನಿಗೆ, "ಹುಡುಗಿ ಜಾಣೆ, ಕಣ್ಣು ಮಾತ್ರ ದಡ್ಡ" ಎಂದು ನಗಿಸಿ, ಕನ್ನಡಕ ಮಾಡಿಸುವಂತೆ ಹೇಳಿ ಹೋದರು.

ಏಳನೆಯ ತರಗತಿಯಲ್ಲಿ ವಿದ್ಯುತ್ತಿನ ಪಾಠ ಮುಗಿದಾಗ ಅವರು ಕಿರುಪರೀಕ್ಷೆ ಕೊಟ್ಟರು. "ಮರ ವಿದ್ಯುತ್ ಅವಾಹಕ. ಅದರ ಮೂಲಕ ವಿದ್ಯುತ್ ಹರಿಯುವುದಿಲ್ಲ" ಎಂದು ನಾನು ಬರೆದೆ. ಹತ್ತಕ್ಕೆ ಹತ್ತು ಬಂತು.

ಒಂಬತ್ತು ದಿನ ಕಳೆದು, ಒಂದು ಭಾನುವಾರ ಬೆಳಿಗ್ಗೆ, ಮಳೆ ನಿಂತ ಮೇಲೆ ಅಮ್ಮ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದರು. ಬಟ್ಟೆ ಹಾಕುವುದು ಕಬ್ಬಿಣದ ತಂತಿಯ ಮೇಲೆ. ಕಂಬದಿಂದ ಮನೆಗೆ ಬರುವ ಕರೆಂಟಿನ ವೈರು ರಾತ್ರಿಯ ಗಾಳಿಗೆ ಜೋತುಬಿದ್ದು, ಹೊದಿಕೆ ಹರಿದು, ಆ ತಂತಿಗೆ ತಾಗಿದ್ದು ಯಾರಿಗೂ ಗೊತ್ತಿರಲಿಲ್ಲ. ಅಮ್ಮ ಕೂಗಲಿಲ್ಲ. ಕೂಗಲು ಆಗುತ್ತಿರಲಿಲ್ಲ ಎಂಬುದು ನನಗೆ ಆಮೇಲೆ ತಿಳಿಯಿತು. ಬಲಗೈ ತಂತಿಯನ್ನು ಬಿಗಿಯಾಗಿ ಹಿಡಿದಿತ್ತು, ಮೈಯೆಲ್ಲ ಅದುರುತ್ತಿತ್ತು, ಕಣ್ಣು ನನ್ನನ್ನೇ ನೋಡುತ್ತಿತ್ತು. ಆ ಕಣ್ಣು ಇಂದಿಗೂ ನನ್ನ ಕನಸಿಗೆ ಬರುತ್ತದೆ.

ನನಗೆ ಭಯವಾಯಿತು. ಆದರೆ ತಲೆಯಲ್ಲಿ ಉತ್ತರ ಸ್ಪಷ್ಟವಾಗಿತ್ತು: ಮರ ಅವಾಹಕ. ಗೋಡೆಗೆ ಒರಗಿಸಿದ್ದ ಉದ್ದನೆಯ ಮರದ ಗಳುವನ್ನು ಎತ್ತಿಕೊಂಡೆ. ಅದು ರಾತ್ರಿಯೆಲ್ಲ ಮಳೆಯಲ್ಲಿ ನೆನೆದು ನೀರು ತೊಟ್ಟಿಕ್ಕುತ್ತಿತ್ತು. ನಾನು ನಿಂತದ್ದು ಬರಿಗಾಲಲ್ಲಿ, ನೀರು ನಿಂತ ಜಾಗದಲ್ಲಿ. ಗಳುವಿನಿಂದ ಅಮ್ಮನ ಮಣಿಕಟ್ಟನ್ನು ತಳ್ಳಿದೆ. ಮುಂದಿನದು ನನಗೆ ನೆನಪಿಲ್ಲ. ಎದುರುಮನೆಯ ಸೈಕಲ್ ರಿಪೇರಿ ಮಾಮ ಗೋಡೆಯಾಚೆಯಿಂದ ನೋಡಿ, ಓಡಿಬಂದು, ಜಗಲಿಯ ಮೇನ್ ಸ್ವಿಚ್ ಎಳೆಯದಿದ್ದರೆ ಈ ಲೇಖನ ಬರೆಯುವವರು ಇರುತ್ತಿರಲಿಲ್ಲ.

ಮಾರನೆಯ ದಿನ ಮೇಷ್ಟ್ರು ಆಸ್ಪತ್ರೆಗೆ ಬಂದರು. ಅಮ್ಮನ ಕೈಗೆ ದಪ್ಪನೆಯ ಪಟ್ಟಿ ಕಟ್ಟಿತ್ತು. ಮೂರು ಬೆರಳು ಇನ್ನು ಮಡಚುವುದಿಲ್ಲ ಎಂದು ಡಾಕ್ಟರು ಹೇಳಿಯಾಗಿತ್ತು. ಮೇಷ್ಟ್ರು ನನ್ನ ಮಂಚದ ಬದಿಗೆ ಕುಳಿತರು.

"ಗಳು ಒದ್ದೆ ಇತ್ತೇನಮ್ಮ?"

"ಹೌದು ಸರ್. ಆದ್ರೆ ಮರ ಅಲ್ವಾ ಸರ್? ಮರದಲ್ಲಿ ಹರಿಯಲ್ಲ ಅಂತ ನೀವೇ..."

ಮಾತು ಮುಗಿಸುವ ಮೊದಲೇ ಅವರ ಮುಖ ನೋಡಿ ನಾನು ಹೆದರಿ ನಿಲ್ಲಿಸಿದೆ. ದೊಡ್ಡವರು ಅಷ್ಟು ಹೆದರಿದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. "ತಪ್ಪು ನಿಂದಲ್ಲ" ಅಂದರು. "ನೀನು ನಂಬಿದೆ. ನಿಂಗೇನು ಅರ್ಥವಾಗಿದೆ ಅಂತ ನಾನು ವಿಚಾರಿಸಲಿಲ್ಲ."

ಮೂರು ವಾರದ ಮೇಲೆ ನಾನು ಶಾಲೆಗೆ ಮರಳಿದಾಗ ಮೇಜಿನ ಮೇಲೆ ಎರಡು ಕಡ್ಡಿ, ಒಂದು ಬ್ಯಾಟರಿ, ಮುಳ್ಳಾಡುವ ಒಂದು ಮೀಟರು ಇದ್ದವು. ಒಂದು ಕಡ್ಡಿ ಒಣಗಿತ್ತು, ಇನ್ನೊಂದು ಉಪ್ಪುನೀರಲ್ಲಿ ನೆನೆದಿತ್ತು. ಯಾರೂ ಪುಸ್ತಕ ತೆಗೆಯಬಾರದು, ಮನಸ್ಸಿಗೆ ಬಂದದ್ದಕ್ಕೆ ಕೈ ಎತ್ತಬೇಕು ಎಂದರು. ಒದ್ದೆ ಕಡ್ಡಿಗೂ ಮುಳ್ಳು ಅಲುಗುವುದಿಲ್ಲ ಎಂದು ನಲವತ್ತು ಕೈ ಮೇಲೆದ್ದವು. ನನ್ನದೊಂದು ಏಳಲಿಲ್ಲ, ನಾನು ಕಣ್ಣು ಮುಚ್ಚಿಕೊಂಡಿದ್ದೆ. ಮುಳ್ಳು ಅಲುಗಿತೆಂದು ಮಕ್ಕಳ ಗುಜುಗುಜಿನಿಂದ ನನಗೆ ತಿಳಿಯಿತು. ಕಣ್ಣು ಬಿಟ್ಟಾಗ ಮೇಷ್ಟ್ರು ಬೋರ್ಡಿನ ಕಡೆ ತಿರುಗಿ ನಿಂತಿದ್ದರು. ಏನನ್ನೂ ಬರೆಯುತ್ತಿರಲಿಲ್ಲ. ಆ ನಲವತ್ತು ಕೈಗಳಲ್ಲಿ ಅವರಿಗೆ ನಲವತ್ತು ಹಿತ್ತಲು ಕಂಡಿರಬೇಕು ಎಂದು ಈಗ ಅನ್ನಿಸುತ್ತದೆ.

ಅಂದಿನಿಂದ ಅವರು ಸರಿಯುತ್ತರ ಕೇಳಿದರೆ ಬೆಚ್ಚುತ್ತಿದ್ದರು. ಉತ್ತರ ಸರಿಯಿದ್ದಷ್ಟೂ ಅದರ ಒಳಗೆ ಏನಿದೆಯೆಂದು ಕೆದಕುತ್ತಿದ್ದರು. "ಯಾಕೆ? ಒದ್ದೆಯಾದ್ರೆ? ಬಿಸಿಯಾದ್ರೆ? ನಿಮ್ಮನೇಲಿ ನೋಡಿದೀಯಾ?" ಮಕ್ಕಳು ಪಾಠಕ್ಕೆ ಬರುವಾಗ ಖಾಲಿ ತಲೆಯಲ್ಲಿ ಬರುವುದಿಲ್ಲ, ತಮ್ಮದೇ ಒಂದು ನಂಬಿಕೆ ಹೊತ್ತು ತರುತ್ತಾರೆ, ಅದನ್ನು ಹೊರಗೆ ತೆಗೆದು ನೋಡದೆ ಮೇಲೆ ಏನು ಬರೆದರೂ ಅದು ಪರೀಕ್ಷೆಯ ದಿನಕ್ಕಷ್ಟೇ ಎಂಬುದನ್ನು ಅವರು ಹೀಗೆ ಹೆದರಿ ಹೆದರಿಯೇ ಕಂಡುಕೊಂಡರು. ಫುಲ್ ಮಾರ್ಕ್ಸ್ ಮೇಷ್ಟ್ರು ಹೋಗಿ "ಯಾಕೆ ಮೇಷ್ಟ್ರು" ಬಂದರು.

ವಾರಕ್ಕೊಮ್ಮೆ ನಮ್ಮ ಮನೆಗೂ ಬರುತ್ತಿದ್ದರು. ಅಮ್ಮ ಎಡಗೈಯಲ್ಲಿ ಹೊಲಿಯಲು ಕಲಿಯುತ್ತಿದ್ದ ಕಾಲವದು. ಸೂಜಿಗೆ ದಾರ ಪೋಣಿಸುವುದು ಮಾತ್ರ ಕೈಗೆ ಹತ್ತುತ್ತಿರಲಿಲ್ಲ, ನಾನೋ ಹಗಲೆಲ್ಲ ಶಾಲೆಯಲ್ಲಿ. ಮೇಷ್ಟ್ರು ಕುಳಿತು ಇಪ್ಪತ್ತು ಸೂಜಿಗಳಿಗೆ ದಾರ ಪೋಣಿಸಿ, ದಿಂಬಿಗೆ ಸಾಲಾಗಿ ಚುಚ್ಚಿಟ್ಟು ಹೋಗುತ್ತಿದ್ದರು. "ಮೇಷ್ಟ್ರೇ, ನಿಮ್ಮ ಪಾಠಕ್ಕಿಂತ ದಾರವೇ ನೆಟ್ಟಗಿದೆ" ಎಂದು ಅಮ್ಮ ಒಮ್ಮೆ ಅಂದರು. ಆ ಒಂದು ವರ್ಷದಲ್ಲಿ ಮೇಷ್ಟ್ರು ನಮ್ಮ ಮನೆಯಲ್ಲಿ ನಕ್ಕದ್ದು ಅದೊಂದೇ ಸಲ.

ಈ ಹೊಸ ರೀತಿಗೆ ತೆತ್ತ ಬೆಲೆ ಸಣ್ಣದಲ್ಲ. ಪಾಠಗಳು ಹಿಂದೆ ಬಿದ್ದವು, ಪೋಷಕರು ಗೊಣಗಿದರು. ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ ತಪಾಸಣೆಗೆ ಮೇಲಧಿಕಾರಿ ಬರುವರೆಂಬ ಸುದ್ದಿ ಬಂತು. ಮುಖ್ಯೋಪಾಧ್ಯಾಯಿನಿಯವರು ನಮ್ಮೆದುರಿಗೇ ಕೈ ಮುಗಿದರು: "ಒಂದೇ ಒಂದು ದಿನ, ದಮ್ಮಯ್ಯ, ಮಕ್ಕಳ ಬಾಯಲ್ಲಿ ತಪ್ಪು ಹೇಳಿಸಬೇಡಿ." ಆ ದಿನ ಅಧಿಕಾರಿ ಬಂದು ಹಿಂದಿನ ಬೆಂಚಿನಲ್ಲಿ ಕುಳಿತರು. ಮೇಷ್ಟ್ರ ಕೈಯಲ್ಲಿ ಸೀಮೆಸುಣ್ಣ ಎರಡು ಸಲ ಮುರಿಯಿತು. ಸರಿಯುತ್ತರ ನಮಗೆಲ್ಲ ಬಾಯಿಪಾಠವಿದೆಯೆಂದು ಅವರಿಗೆ ಗೊತ್ತಿತ್ತು. ಅದನ್ನು ಕೇಳಿ ಮುಗಿಸಬಹುದಿತ್ತು. ಆದರೂ ಬೆವರು ಒರೆಸಿಕೊಂಡು, "ಎಸೆದ ಕಲ್ಲು ಮೇಲಕ್ಕೆ ಹೋಗ್ತಿರುವಾಗ ಅದರ ಮೇಲಿರೋ ಬಲ ಯಾವ ಕಡೆಗೆ? ಏನನ್ಸುತ್ತೋ ಅದನ್ನೇ ಹೇಳಿ" ಎಂದು ಕೇಳಿದರು. ಸರಿಯುತ್ತರ ಕೆಳಕ್ಕೆ ಎಂದು; ಆದರೆ ಮೇಲಕ್ಕೆ ಎಂದು ಮುಕ್ಕಾಲು ತರಗತಿ ಹೇಳಿತು. ಅಧಿಕಾರಿ ಏನನ್ನೋ ಬರೆದುಕೊಂಡು, ಚರ್ಚೆ ಮುಗಿಯುವ ಮೊದಲೇ ಎದ್ದುಹೋದರು. ಮುಂದಿನ ನಾಲ್ಕು ವರ್ಷ ಮೇಷ್ಟ್ರಿಗೆ ಹತ್ತನೆಯ ತರಗತಿ ಕೊಡಲಿಲ್ಲ.

ನಾನು ಶಿಕ್ಷಕಿಯಾಗಿ ಅದೇ ಶಾಲೆಗೆ ಬಂದಾಗ ಮೊದಲ ಪಾಠ ನೋಡಲು ಅವರನ್ನೇ ಕರೆದೆ. ವಿದ್ಯುತ್ತಿನ ಆ ಪಾಠಕ್ಕೆ ಮೂರು ದಿನ ಸಿದ್ಧತೆ ಮಾಡಿದ್ದೆ. ಮಕ್ಕಳು ಕೇಳಿದ್ದಕ್ಕೆಲ್ಲ ಪಟಪಟನೆ ಸರಿ ಹೇಳಿದರು. ಹೊಗಳಿಕೆಗೆ ಕಾಯುತ್ತ ನಿಂತ ನನಗೆ ಅವರು ಹೇಳಿದ್ದು ಎರಡೇ ಪದ: "ಭಯ ಆಯ್ತಮ್ಮ."

"ಯಾಕೆ ಸರ್? ಎಲ್ಲರೂ ಸರಿ ಹೇಳಿದ್ರಲ್ಲ!"

"ಅದಕ್ಕೇ."

ನಂತರ ಅವರು ಒಂದರ ಹಿಂದೊಂದು ಜೋಡಿಸಿದ ಎರಡು ಒಂದೇ ಬಗೆಯ ಬಲ್ಬುಗಳ ಚಿತ್ರ ಬರೆದು ಮಕ್ಕಳನ್ನು ಕೇಳಿದರು: ಯಾವುದು ಹೆಚ್ಚು ಬೆಳಗುತ್ತದೆ? ಮೊದಲನೆಯದು, ಅದು ಕರೆಂಟನ್ನು ತಿಂದು ಉಳಿದದ್ದನ್ನು ಎರಡನೆಯದಕ್ಕೆ ಕೊಡುತ್ತದೆ ಎಂದು ಮೂವತ್ತೆಂಟರಲ್ಲಿ ಮೂವತ್ತೈದು ಮಕ್ಕಳು ಹೇಳಿದರು. ನಿಜವಾಗಿ ಎರಡೂ ಒಂದೇ ಸಮ ಬೆಳಗುತ್ತವೆ. ಇವರು ಆಗಷ್ಟೇ ನನ್ನಿಂದ ಪಾಠ ಕಲಿತ ಮಕ್ಕಳು! ಮೇಷ್ಟ್ರು ಎಷ್ಟೋ ವರ್ಷದಿಂದ ಹೊತ್ತು ನಡೆಯುತ್ತಿದ್ದುದು ಏನೆಂದು ಅಂದು ನನಗೆ ಅರ್ಥವಾಯಿತು.

ಕಳೆದ ತಿಂಗಳು ಅವರ ಸೇವೆಯ ಕೊನೆಯ ದಿನ. ಆರನೆಯ ತರಗತಿಯಲ್ಲಿ ಕಂಬಳಿ ಸುತ್ತಿದ ಮಂಜುಗಡ್ಡೆ ಬೇಗ ಕರಗುವುದೋ ನಿಧಾನವೋ ಎಂಬ ಚರ್ಚೆ. ಗೆಳತಿಯರು ಜಗಮೊಂಡಿ ಎಂದು ಕರೆಯುವ ಹುಡುಗಿಯೊಬ್ಬಳು, ಕಂಬಳಿ ಬೆಚ್ಚಗಿರುತ್ತೆ, ಬೇಗ ಕರಗಲೇಬೇಕು ಎಂದು ಹಟ ಹಿಡಿದಳು. ಪ್ರಯೋಗ ಮಾಡಿ ತೋರಿಸಿದರೂ, "ನೀವೇನೋ ಮಾಡಿದೀರ ಸರ್, ನಾನು ಮನೇಲಿ ಮಾಡಿ ನೋಡ್ತೀನಿ" ಅಂದಳು. ಬೀಳ್ಕೊಡುಗೆ ಮುಗಿಸಿ ಮೇಷ್ಟ್ರು ಮನೆಗೆ ಹೋದರು.

ಮರುದಿನ ಬೆಳಿಗ್ಗೆ ನಾನು ಬಂದಾಗ ಶಾಲೆಯ ಗೇಟಿನ ಹತ್ತಿರ ನಿವೃತ್ತರು ನಿಂತಿದ್ದರು, ನನಗಾಗಿ ಅಲ್ಲ. ಜಗಮೊಂಡಿ ಬರುತ್ತಲೇ ಎರಡು ಹೆಜ್ಜೆ ಮುಂದೆ ಹೋಗಿ, "ಏನಾಯ್ತು?" ಎಂದರು.

"ಬಟ್ಟಲಲ್ಲಿಟ್ಟಿದ್ದು ನೀರಾಗೋಯ್ತು ಸರ್. ಕಂಬಳೀಲಿದ್ದಿದ್ದು ಇನ್ನೂ ಗಟ್ಟಿ ಇತ್ತು. ಆದ್ರೆ ಯಾಕೆ ಅಂತ ನಂಗಿನ್ನೂ ಗೊತ್ತಾಗ್ಲಿಲ್ಲ."

"ಗೊತ್ತಾಗ್ಲಿಲ್ಲ ಅಂದ್ಯಲ್ಲ, ಅಷ್ಟು ಸಾಕು. ಕೂತ್ಕೋ, ನಂಗಿವತ್ತು ಪೀರಿಯಡ್ ಇಲ್ಲ" ಎಂದು ಗೇಟಿನ ಕಟ್ಟೆಯ ಮೇಲೆ ಅವಳ ಪಕ್ಕದಲ್ಲಿ ಕುಳಿತರು. ಗಂಟೆ ಬಾರಿಸಿದರೂ ಇಬ್ಬರೂ ಏಳಲಿಲ್ಲ. ನಾನೂ ಕರೆಯಲಿಲ್ಲ.

ಗುರುಗಳೇ, ತಾವು ನೂರ್ಕಾಲ ಆರೋಗ್ಯದಿಂದಿರಿ ಎಂದು ಎಲ್ಲರಂತೆ ನಾನೂ ಹಾರೈಸುತ್ತೇನೆ. ಆ ಹುಡುಗಿಯ ಪ್ರಶ್ನೆಗಳು ಅದಕ್ಕೂ ಮೊದಲು ಮುಗಿಯುವ ಲಕ್ಷಣವಿಲ್ಲ. ಮುಂದಿನ ಸೋಮವಾರ ನಾನು ಏಳನೆಯ ತರಗತಿಗೆ ವಿದ್ಯುತ್ತಿನ ಪಾಠ ಶುರುಮಾಡಬೇಕು. ಪ್ರತಿ ವರ್ಷದಂತೆ ಈ ವರ್ಷವೂ ಈಗಿನಿಂದಲೇ ಭಯವಾಗುತ್ತಿದೆ. ಬಿಡುವು ಮಾಡಿಕೊಂಡು ಬನ್ನಿ ಸರ್.